ಎರಡೂವರೆ ಮನೆ ಶ್ರುತಿ

ಅಮರೇಶನ ದನಿ ಮೂರೂವರೆ ಸ್ಥಾಯಿ ಓಡಾಡುತ್ತದೆ ಎಂದು ಊರಿನ ಪತ್ರಿಕೆಯೊಂದು ಬಹಳ ಹಿಂದೆ ಬರೆದಿತ್ತು. ಬರೆದವರು ಅಳೆದು ನೋಡಿದ್ದರೋ ಇಲ್ಲವೋ, ನಾನು ನೋಡಿದ್ದೆ. ಆಗ ಅವನಿಗೆ ಇಪ್ಪತ್ತೆಂಟು. ಬರೆದದ್ದು ಸರಿಯಾಗಿಯೇ ಇತ್ತು.

ನಾನು ಮಹೇಂದ್ರ, ಅವನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನು. ಹೊಟ್ಟೆಪಾಡಿಗೆ ಶ್ರೀರಾಂಪುರದಲ್ಲಿ ಒಂದು ಕನ್ನಡಕದ ಅಂಗಡಿ. ಅಮರೇಶನದು ಲಕ್ಷ್ಮೀಪುರಂನಲ್ಲಿ ಸ್ಟೀಲ್ ಪಾತ್ರೆ ಅಂಗಡಿ, ಅವನ ತಂದೆ ಗುರುಮಲ್ಲಪ್ಪನವರ ಕಾಲದ್ದು. ಅದರ ಮಹಡಿಯ ಗೋದಾಮಿನಲ್ಲಿ, ಇಡ್ಲಿ ಪಾತ್ರೆಗಳ ನಡುವೆ, ಇಪ್ಪತ್ತೈದು ವರ್ಷಗಳಿಂದ ನಾವು ರಾಕ್ ನುಡಿಸುತ್ತಿದ್ದೇವೆ. ಗೌತಮ್ ಡ್ರಮ್ಮನ್ನು ಸ್ವಲ್ಪ ಜೋರಾಗಿ ಬಾರಿಸಿದರೂ ಕೊಳಗಗಳೆಲ್ಲ ಜೊತೆಗೆ ನಡುಗುತ್ತವೆ. ಅಭ್ಯಾಸವಾಗಿಹೋಗಿದೆ.

ಗಾಯಕರನ್ನು ಹೊಗಳುವುದು ನನ್ನ ಜಾಯಮಾನವಲ್ಲ. ರಾಕ್ ಹಾಡುವವರಲ್ಲಿ ಮುಕ್ಕಾಲು ಜನ ಸುಮ್ಮನೆ ಕಿರುಚುತ್ತಾರೆ, ಮಿಕ್ಕವರು ಕಿರುಚಲು ಹೆದರುತ್ತಾರೆ. ಅಮರೇಶ ಹಾಗಲ್ಲ. ಕೆಳಗಿಳಿದರೆ ಹಿಟ್ಟಿನ ಗಿರಣಿ ಶುರುವಾದಂತೆ ಎದೆಯಲ್ಲಿ ಗುಡುಗುಡು ಅನ್ನುತ್ತದೆ, ಅಲ್ಲಿಂದ ಪಿಸುಮಾತಿಗೆ ಬರುತ್ತಾನೆ, ನಡುವೆ ವಚನ ಹೇಳಿದ ಹಾಗೆ ನಾಲ್ಕು ಸಾಲು ನೆಟ್ಟಗೆ ಹಾಡಿ, ನಾವು ಸುಧಾರಿಸಿಕೊಳ್ಳುವಷ್ಟರಲ್ಲಿ ಮೇಲಿನ ಸ್ಥಾಯಿಗೆ ಹಾರಿರುತ್ತಾನೆ. ಇದೆಲ್ಲ ಒಂದೇ ಹಾಡಿನಲ್ಲಿ. ಆ ಹಾಡಿನ ಹೆಸರು 'ತಂತಿಕಂಬ', ನಾವೇ ಕಟ್ಟಿದ್ದು. ಅದರ ಕೊನೆಯ ಸ್ವರವನ್ನು ಅವನು ಹನ್ನೊಂದು ಸೆಕೆಂಡು ಹಿಡಿಯುತ್ತಾನೆ. ಜನ ಬರುವುದು ಆ ಹನ್ನೊಂದು ಸೆಕೆಂಡಿಗೆ. ಇದು ಗೊತ್ತಿದ್ದೂ ಬೇಸರಪಟ್ಟುಕೊಳ್ಳದೆ ಬೇಸ್ ನುಡಿಸಿಕೊಂಡು ಬಂದಿದ್ದೇನೆ.

ಈಗ ನನ್ನ ಕಳ್ಳತನ ಹೇಳಬೇಕು. ಒಂಬತ್ತು ವರ್ಷಗಳಿಂದ ಅವನು ಹಾಡುತ್ತಿರುವುದು ಆ ಸ್ವರವನ್ನಲ್ಲ.

ಬ್ಯಾಂಡಿನಲ್ಲಿ ಶ್ರುತಿ ಮಾಡುವುದು ನನ್ನ ಕೆಲಸ. ನನ್ನ ಬೇಸ್, ದಿಲೀಪನ ಗಿಟಾರ್ ಎರಡನ್ನೂ ನಾನೇ ಕೂಡಿಸುತ್ತೇನೆ. 'ತಂತಿಕಂಬ' ಮೊದಲು ಇದ್ದದ್ದು ಎರಡೂವರೆ ಮನೆ ಶ್ರುತಿಯಲ್ಲಿ. ಮನೆ ಅಂದರೆ ನಮ್ಮ ಕಡೆಯ ಸಂಗೀತದವರು ಹಾರ್ಮೋನಿಯಂ ಇಟ್ಟುಕೊಂಡು ಎಣಿಸುವ ಲೆಕ್ಕ, ಸಂಖ್ಯೆ ಇಳಿದಷ್ಟೂ ಹಾಡುವವನಿಗೆ ಹಗುರ. ಒಂಬತ್ತು ವರ್ಷಗಳ ಹಿಂದೆ ಅವನಿಗೆ ಜ್ವರ ಬಂದು ಗಂಟಲು ಕಟ್ಟಿತ್ತು, ಮಾರನೇ ದಿನವೇ ಕಾರ್ಯಕ್ರಮ. ಯಾರಿಗೂ ಹೇಳದೆ ತಂತಿಗಳನ್ನು ಅರ್ಧ ಮನೆ ಇಳಿಸಿಬಿಟ್ಟೆ. ಬೆರಳುಗಳು ಅದೇ ಜಾಗದಲ್ಲಿ ಆಡುವುದರಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಅವನು ಹನ್ನೊಂದು ಸೆಕೆಂಡು ಹಿಡಿದ, ಇಳಿದು ಬಂದು ನನ್ನನ್ನು ತಬ್ಬಿಕೊಂಡ. ಜ್ವರ ಬಿಟ್ಟ ಮೇಲೆ ಮತ್ತೆ ಏರಿಸೋಣ ಅಂದುಕೊಂಡೆ, ಏರಿಸಲಿಲ್ಲ. ಮೂರು ವರ್ಷ ಕಳೆದ ಮೇಲೆ ಅವನ ಕತ್ತಿನ ನರ ಉಬ್ಬುವುದನ್ನು ನೋಡಿ ಇನ್ನರ್ಧ ಇಳಿಸಿದೆ. ಆಮೇಲೆ ಇನ್ನೊಂದು ಅರ್ಧ. ತಂತಿಗಳು ಜೋಲು ಬಿದ್ದವೆಂದು ದಪ್ಪ ತಂತಿ ತರಿಸಿ ಹಾಕಿದೆ. ದಿಲೀಪನಿಗೂ ಗೌತಮನಿಗೂ ಗೊತ್ತಿತ್ತು. "ಹೋಗ್ಲಿ ಬುಡಣ್ಣ, ಖುಷಿಯಾಗವ್ರಲ್ಲ" ಅಂದ ದಿಲೀಪ. ಅಷ್ಟೇ, ಮೂವರೂ ಬಾಯಿ ಮುಚ್ಚಿಕೊಂಡೆವು.

ಅಮರೇಶ ತನ್ನ ರೆಕಾರ್ಡಿಂಗನ್ನು ತಾನು ಕೇಳುವವನಲ್ಲ. ಕನ್ನಡಿ ಮುಂದೆ ಕೂತು ಊಟ ಮಾಡಿದ ಹಾಗಿರುತ್ತೆ ಅನ್ನುತ್ತಾನೆ. ಅದು ನನಗೆ ಅನುಕೂಲವಾಯಿತು.

ಇಪ್ಪತ್ತೈದನೇ ವರ್ಷದ ಕಾರ್ಯಕ್ರಮ ಒಂದು ಕಾಲೇಜಿನ ಬಯಲು ರಂಗಮಂದಿರದಲ್ಲಿ ನಿಗದಿಯಾಯಿತು. 'ತಂತಿಕಂಬ'ಕ್ಕೆ ನಾಗಸ್ವರ ಸೇರಿಸಬೇಕೆಂಬ ಯೋಚನೆ ಅಮರೇಶನದೇ. ರಾಜೀವನಗರದಲ್ಲಿ ಹುಚ್ಚಣ್ಣ ಎಂಬ ವಿದ್ವಾಂಸರನ್ನು ಅವನೇ ಹುಡುಕಿ, ಒಪ್ಪಿಸಿ, ಹಾಡಿನ ಮೊದಮೊದಲ ರೆಕಾರ್ಡಿಂಗನ್ನು ಅವರ ಫೋನಿಗೆ ಹಾಕಿಸಿಕೊಟ್ಟು ಬಂದ. ಕೇಳಿದ ಕೂಡಲೇ ಸಿಕ್ಕಿಬಿದ್ದೆ ಅನ್ನಿಸಿತು. ನಾಗಸ್ವರದ ಶ್ರುತಿ ಕೊಳವೆಯ ಉದ್ದಕ್ಕೆ ಕಟ್ಟುಬಿದ್ದದ್ದು, ನಮ್ಮ ತಂತಿಗಳ ಹಾಗೆ ತಿರುಪಿ ಇಳಿಸಲು ಬರುವುದಿಲ್ಲ.

ಮಾರನೇ ದಿನವೇ ಹುಚ್ಚಣ್ಣನವರ ಮನೆಗೆ ಹೋದೆ. ಒಂದು ಮನೆ ಶ್ರುತಿಯ ವಾದ್ಯ ಸಿಗುತ್ತದೆಯೇ ಎಂದು ಕೇಳಿದೆ.

"ಒಂದು ಮನೇದಾ?" ಅವರು ನಕ್ಕುಬಿಟ್ಟರು. "ಅದು ನನ್ನೆತ್ರ ಆಯ್ತದೆ ಸ್ವಾಮಿ, ಊದಾಕೆ ಒಬ್ರು, ಇಡ್ಕಳಾಕೆ ಒಬ್ರು ಬೇಕಾಯ್ತದೆ. ನಂದು ಎರಡೂವರೆದು. ನಿಮ್ ಆಡೂ ಅಲ್ಲೇ ಅದೆ. ದೇವರೇ ಜೋಡಿ ಮಾಡ್ದಂಗದೆ, ಬುಡಿ."

ಕಾಫಿ ಕುಡಿದು ಬಂದೆ. ಆಗಲೇ ನೇರವಾಗಿ ಅಮರೇಶನ ಅಂಗಡಿಗೆ ಹೋಗಿ ಹೇಳಿಬಿಡಬಹುದಿತ್ತು. ಹೋಗಲಿಲ್ಲ. ಅವನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ. ನಾಗಸ್ವರ ಹಾಡಿನ ಮೊದಲು ಒಂಟಿಯಾಗಿ ಊದಿ ನಿಲ್ಲಿಸಲಿ, ಅದೇ ಚೆಂದ, ಅಂತ ಫೋನಿನಲ್ಲಿ ಒಂದು ಸಲಹೆ ಕೊಟ್ಟೆ. "ನೀನು ಬೇಸ್ ನೋಡ್ಕೊ ಕಣೋ" ಅಂದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಗೋದಾಮಿನಲ್ಲಿ ಎಲ್ಲರೂ ಸೇರಿದೆವು. ಹುಚ್ಚಣ್ಣನವರು ಬಿಳಿ ಪಂಚೆಯಲ್ಲಿ ಬಂದು, ಚಾಪೆಯ ಮೇಲೆ ಕೂತು, ಹಾಡಿನ ಮೊದಲ ಸಾಲು ಊದಿದರು. ಅಷ್ಟೊಂದು ಪಾತ್ರೆಗಳ ನಡುವೆ ಅದು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಒಂದು ಕ್ಷಣ ನನಗೂ ಭಯ ಮರೆತುಹೋಯಿತು. ಆಮೇಲೆ ದಿಲೀಪ ಗಿಟಾರಿಗೆ ಕೈ ಹಾಕಿದ. ಎರಡೂ ಸೇರಿ ಹಲ್ಲು ಜುಮ್ಮೆನ್ನಿಸುವ ಸದ್ದಾಯಿತು.

ಹುಚ್ಚಣ್ಣನವರು ವಾದ್ಯ ಕೆಳಗಿಳಿಸಿ, "ನಿಮ್ ತಂತಿ ಕೆಳಗದೆ ಸ್ವಾಮಿ" ಅಂದರು.

"ಇಲ್ವಲ್ಲ, ನಾವು ಯಾವಾಗ್ಲೂ ಇದ್ರಲ್ಲೇ ಹಾಡೋದು" ಎಂದ ಅಮರೇಶ. "ನಿಮ್ಮದೇ ಸ್ವಲ್ಪ ಮೇಲಿದೆಯೇನೋ ನೋಡಿ."

"ಇದು ಮರ. ಏರಾಕೂ ಇಲ್ಲ, ಇಳಿಯಾಕೂ ಇಲ್ಲ. ನಿಮ್ ರೆಕಾಡ್ ಆಕ್ಕಂಡು ಅದಿನೈದು ದಿನ ಊದಿವ್ನಿ. ಕೇಳಿ ಬೇಕಾರೆ." ಅವರು ಫೋನನ್ನು ಚಾಪೆಯ ಮೇಲಿಟ್ಟು ಹಾಡು ಹಚ್ಚಿ, ಅದರ ಜೊತೆಗೇ ಊದಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಮರೇಶ ನಿಂತು ತನ್ನ ಇಪ್ಪತ್ತೆಂಟರ ದನಿಯನ್ನು ಪೂರ್ತಿ ಕೇಳಿದ. ಕೊನೆಯ ಸ್ವರ ಮುಗಿದ ಮೇಲೆ ದಿಲೀಪನನ್ನು ನೋಡಿದ. ದಿಲೀಪ ನನ್ನನ್ನು ನೋಡಿದ. ಅಷ್ಟರಲ್ಲಿ ಎಲ್ಲ ಹೇಳಿ ಆಗಿತ್ತು.

"ಎಷ್ಟು ಇಳಿಸಿದ್ದೀಯ?" ಎಂದು ನನ್ನನ್ನು ಕೇಳಿದ.

"ಒಂದೂವರೆ ಮನೆ."

"ಯಾವತ್ತಿಂದ?"

"ನಿಂಗೆ ಜ್ವರ ಬಂದಿತ್ತಲ್ಲ, ಆಗಿಂದ. ಒಂಬತ್ತು ವರ್ಷ."

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅದಕ್ಕೆ ತಕ್ಕ ಉತ್ತರಗಳನ್ನೂ ಸಿದ್ಧಮಾಡಿಟ್ಟುಕೊಂಡಿದ್ದೆ: ನಿನ್ನ ಒಳ್ಳೆಯದಕ್ಕೇ ಮಾಡಿದ್ದು, ನೀನು ಸುಖವಾಗಿರಲಿ ಅಂತ ಮಾಡಿದ್ದು. ಅವನು ಕೇಳಲೇ ಇಲ್ಲ. ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿ, "ಎರಡೂವರೆಗೆ ಏರಿಸು" ಅಂದ.

"ಇವತ್ತು ಬೇಡಣ್ಣ" ಎಂದ ದಿಲೀಪ. "ಅಷ್ಟು ಜನದ ಮುಂದೆ..."

"ಏರಿಸು ಅಂದೆ."

ದಪ್ಪ ತಂತಿಗಳು ಅಷ್ಟು ಬಿಗಿ ತಾಳುವುದಿಲ್ಲ. ಪೇಟೆಗೆ ಹೋಗಿ ಹಳೆಯ ಅಳತೆಯ ತಂತಿ ತಂದು, ಮಧ್ಯಾಹ್ನವಿಡೀ ಕೂತು ಎರಡು ವಾದ್ಯಕ್ಕೂ ಹಾಕಿದೆ. ಅವನು ಕೆಳಗೆ ಅಂಗಡಿಯಲ್ಲಿ ಯಾರಿಗೋ ಕುಕ್ಕರ್ ತೋರಿಸುತ್ತಿದ್ದ.

ಸಂಜೆ ರಂಗಮಂದಿರ ತುಂಬಿತ್ತು. ಕೊನೆಗೆ 'ತಂತಿಕಂಬ'. ಕೆಳಗಿನ ಸಾಲುಗಳನ್ನು ಅವನು ಯಾವತ್ತಿಗಿಂತ ಚೆನ್ನಾಗಿ ಹಾಡಿದ, ವಯಸ್ಸು ಅಲ್ಲಿ ಅವನಿಗೆ ಕೊಟ್ಟಿದ್ದೇ ಹೆಚ್ಚು. ಮೇಲೆ ಹೋಗುತ್ತ ಹೋಗುತ್ತ ದನಿ ಸಣ್ಣದಾಯಿತು, ಆದರೆ ಬಿಡಲಿಲ್ಲ. ಕೊನೆಯ ಸ್ವರಕ್ಕೆ ಹಾರಿದ. ಮುಟ್ಟಿದ. ನಾನು ಬೇಸ್ ನುಡಿಸುವುದನ್ನು ಮರೆತು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ದನಿ ಒಡೆಯಿತು. ಬಟ್ಟೆ ಹರಿದಂಥ ಸದ್ದು ಬಂದು ಆಮೇಲೆ ಬರೀ ಗಾಳಿ.

ಹಾಡುಗಾರ ಕೈಬಿಟ್ಟರೆ ಪಕ್ಕದವರು ಎತ್ತಿಕೊಳ್ಳುವುದು ಹುಚ್ಚಣ್ಣನವರ ವಿದ್ಯೆಯಲ್ಲಿ ರೂಢಿ. ಅವರು ಅವನತ್ತ ತಿರುಗಿಯೂ ನೋಡದೆ ಅದೇ ಸ್ವರವನ್ನು ಹಿಡಿದು ಹನ್ನೊಂದು ಮುಟ್ಟಿಸಿ ಇನ್ನೂ ಮುಂದೆ ಹೋದರು. ಇದು ಮೊದಲೇ ಮಾಡಿಕೊಂಡ ಏರ್ಪಾಡು ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಂಗದ ಹಿಂದೆ ಒಬ್ಬರು ಬಂದು, "ದನಿ ನಾಗಸ್ವರಕ್ಕೆ ತಿರುಗಿಕೊಂಡಿತಲ್ಲ, ಸೂಪರ್ ಐಡಿಯಾ ಸಾರ್" ಎಂದು ಅವನ ಕೈ ಕುಲುಕಿ ಹೋದರು.

ಜನ ಕರಗಿದ ಮೇಲೆ ನಾನು ಹತ್ತಿರ ಹೋದೆ. ಕ್ಷಮಿಸು ಅಂತ ಹೇಳಬೇಕೆಂದೇ ಹೋಗಿದ್ದು.

"ನಾಲ್ಕು ಸೆಕೆಂಡ್ ಬಂತು ಕಣೋ" ಅಂದ ಅವನೇ ಮೊದಲು. ದನಿ ಪೂರ್ತಿ ಕೂತುಹೋಗಿತ್ತು. "ಬೆಳಗಿನ ಸಾಧನೆ ಬಿಟ್ಟು ಎಂಟು ವರ್ಷದ ಮೇಲಾಯ್ತು. ಆದ್ರೂ ನಾಲ್ಕು ಬಂತು."

ಅವನು ಸಾಧನೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಂದು ಗಂಟೆ ಮಾಡುತ್ತಾನೆಂದೇ ತಿಳಿದಿದ್ದೆ. "ಯಾಕೆ ಬಿಟ್ಟೆ?" ಎಂದು ಕೇಳಿದೆ.

"ದನಿ ಇಳೀತಾನೇ ಇರ್ಲಿಲ್ವಲ್ಲ. ನಂಗೆ ವಯಸ್ಸಾಗಲ್ಲ ಅಂದ್ಕೊಂಡ್ಬುಟ್ಟೆ." ಅವನು ಸ್ವಲ್ಪ ನಕ್ಕ. "ಅವತ್ತೇ ಒಂದು ಮಾತು ಹೇಳಿದ್ರೆ ಇನ್ನೂ ಎರಡು ಗಂಟೆ ಜಾಸ್ತಿ ಮಾಡ್ತಿದ್ದೆ."

ಅವನು ಕೆನ್ನೆಗೆ ಎರಡು ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಕ್ಷಮಿಸು ಎನ್ನುವ ಮಾತು ಅಲ್ಲಿ ಆಡಲಾಗದಷ್ಟು ಚಿಕ್ಕದೆನಿಸಿತು. ಅವನು ನನ್ನ ಭುಜ ತಟ್ಟಿ, ವಾದ್ಯವನ್ನು ಚೀಲಕ್ಕೆ ಹಾಕುತ್ತಿದ್ದ ಹುಚ್ಚಣ್ಣನವರ ಕಡೆ ಹೋದ.

"ಬೆಳಿಗ್ಗೆ ಎಷ್ಟೊತ್ತಿಗೆ ಊದೋಕೆ ಕೂತ್ಕೋತೀರ?" ಎಂದು ಕೇಳುವುದು ಕೇಳಿಸಿತು.

"ಐದಕ್ಕೆ. ಯಾಕೆ ಸ್ವಾಮಿ?"

"ನಾಳೆಯಿಂದ ನಾನೂ ಬರ್ತೀನಿ" ಅಂದ. ಐವತ್ತೊಂದು ವರ್ಷದವನು, ಪಾಠಕ್ಕೆ ಸೇರಲು ಬಂದವನ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದ.