ದೌಲಪ್ಪನ ಗಂಟಲು, ಜಯದೇವಿಯ ಬೆರಳು

ಕಮಲಾಪುರದ ಕೆಂಪು ಬಾಳೆ ವ್ಯಾಪಾರಿ ದೌಲಪ್ಪನ ಗಂಟಲು ಗಂಟೆಗಿಂತ ದೊಡ್ಡದು. ಅವನು ಪಡಸಾಲೆಯಲ್ಲಿ ಕೆಮ್ಮಿದರೆ ಬೀದಿಯಲ್ಲಿ ಟಂಟಂ ಆಟೋ ಬ್ರೇಕ್ ಹಾಕುತ್ತಿತ್ತು. ಮಗಳು ನಾಗರತ್ನಾ ಜಾತಿ ಮೀರಿ ಬೌದ್ಧರ ಹುಡುಗ ಕಪಿಲನನ್ನು ಮದುವೆಯಾದ ದಿನ ಅದೇ ಗಂಟಲು ಹೆಂಡತಿ ಜಯದೇವಿಗೆ ಅಪ್ಪಣೆ ಮಾಡಿತು: "ಸತ್ತಾಳಂತ ತಿಳಕೋ. ತಲಿಗಿ ನೀರ ಹಾಕ್ಕೋ."

ಓಣಿಯವರೆಲ್ಲ ನೋಡುತ್ತಿರಲು ಆಕೆ ಬದುಕಿರುವ ಮಗಳಿಗಾಗಿ ಸಾವಿನ ಸ್ನಾನ ಮಾಡಿದಳು. ಅವತ್ತಿನಿಂದ ಆಕೆಗಿದ್ದದ್ದು ಒಂದೇ ಹಟ. ಆ ಮಾತನ್ನು ಅದೇ ಗಂಟಲಿನಿಂದ, ಅದೇ ಜನರೆದುರು ಹಿಂದಕ್ಕೆ ತೆಗೆಸಬೇಕು.

ಈ ವರ್ಷ ದೌಲಪ್ಪನಿಗೆ ನರಗಳ ರೋಗ ಬಂತು. ಕಾಲಿನಿಂದ ಏರಿದ ನಿತ್ರಾಣ ಎದೆಗೆ ಮುಟ್ಟಿದಾಗ ಕಲಬುರಗಿಯ ಐಸಿಯುನಲ್ಲಿ ಬಾಯೊಳಗೆ ಪೈಪು ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ವಾರಗಳು ಕಳೆದರೂ ಯಂತ್ರ ಬಿಡಿಸಲು ಆಗಲಿಲ್ಲ. ಡಾಕ್ಟರ್ ಮದಿಹಾ ಮನೆಯವರನ್ನು ಕರೆದರು.

"ಬಾಯಾಗಿನ ಪೈಪ್ ಭಾಳ ದಿನ ಇಟ್ರ ಗಂಟಲದಾಗ ಗಾಯ ಆಗ್ತದ್ರಿ. ಕುತ್ತಿಗಿಗಿ ಸಣ್ಣ ತೂತ ಮಾಡಿ ಅಲ್ಲಿಂದ ಕೊಳವಿ ಹಾಕ್ತೇವು. ಟ್ರೇಕಿಯಾಸ್ಟಮಿ ಅಂತಾರ."

ದೌಲಪ್ಪನ ಅಕ್ಕ ಬಂಡೆಮ್ಮ ಎದ್ದೇ ನಿಂತಳು. "ತಮ್ಮನ ಕುತ್ತಿಗಿ ಕೊಯ್ರಿ ಅಂತ ನಾವೇ ಸೈ ಮಾಡಬೇಕೇನ್ರಿ? ಅವನ ಮಾತಿನ ಗತಿ?"

"ಸದ್ಯಕ್ಕ ಮಾತ ಬರಲ್ಲ. ಆಮ್ಯಾಲ ಬರ್ತದ."

"ಸದ್ಯಕ್ಕ ಬರಲ್ಲೇನ್ರಿ?" ಎಂದಳು ಜಯದೇವಿ. "ಪೆನ್ ಕೊಡ್ರಿ ಇಲ್ಲಿ."

ಕೊಳವೆ ಕೂತಿತು. ದೌಲಪ್ಪನಿಗೆ ಪೂರ್ತಿ ಎಚ್ಚರವಿತ್ತು, ತುಟಿ ಅಲ್ಲಾಡುತ್ತಿತ್ತು, ಸದ್ದು ಮಾತ್ರ ಇಲ್ಲ. ಒಳಗೆ ಬಿಡುತ್ತಿದ್ದದ್ದು ಒಬ್ಬರನ್ನೇ. ಜಯದೇವಿ ಒಳಗೆ ಹೋಗಿ ಬಂದು, ಗಲ್ಲ ಒಳಗೆಳೆದು ಎದೆ ಮುಂದೆ ಮಾಡಿ, ಅವನ ತುಟಿ ಆಡಿದ್ದನ್ನು ಗಂಡನ ದನಿಯಲ್ಲೇ ಹೊರಗಿನವರಿಗೆ ವರದಿ ಒಪ್ಪಿಸುತ್ತಿದ್ದಳು. ಅಡುಗೆಮನೆಯಲ್ಲಿ ಮಗಳನ್ನು ನಗಿಸಲು ಕಲಿತ ವಿದ್ಯೆ.

"ಏಯ್ ಮಲ್ಲ್ಯಾ, ಗೊನಿ ಇಳಿಸಿದೇನು?" ಎಂದಾಗ ಬಂಡೆಮ್ಮನ ಮಗ ಮಲ್ಲು ಬೆಂಚಿನಿಂದ ಎದ್ದು, "ಇಳಿಸೀನ್ರಿ ಮಾವ" ಅಂದುಬಿಟ್ಟ.

ಮರುದಿನದ ವರದಿ ಬೇರೆ. "ಏಯ್ ಬಂಡೆಕ್ಕಾ, ನಾಗಿ, ಕಪಿಲ ಇಬ್ಬರಿಗೂ ಮನಿಗಿ ಕರೀರಿ."

"ಅಂವ ಸತ್ತರೂ ಹಂಗ ಅನ್ನಾಂವಲ್ಲ," ಎಂದಳು ಬಂಡೆಮ್ಮ. "ಅವನ ಬಾಯಿಲೇ ಕೇಳ್ತೇನಿ."

ಉಸಿರು ತಾನಾಗಿ ಆಡತೊಡಗಿದ ಮೇಲೆ ಯಂತ್ರ ತೆಗೆದು, ಕೊಳವೆ ಉಳಿಸಿ ಮನೆಗೆ ಕಳಿಸಿದರು. ದೌಲಪ್ಪನ ಕೈ ಇನ್ನೂ ಏಳುತ್ತಿರಲಿಲ್ಲ. ಉಸಿರು ಬಿಡುವಾಗ ಕೊಳವೆಯ ಬಾಯಿಗೆ ಯಾರಾದರೂ ತೊಳೆದ ಬೆರಳು ಇಟ್ಟರೆ ಮಾತು ಬರುತ್ತದೆ, ತೆಗೆದರೆ ಗಾಳಿ ಕುತ್ತಿಗೆಯಿಂದಲೇ ಹೋಗುತ್ತದೆ ಎಂದು ನರ್ಸ್ ತೋರಿಸಿಕೊಟ್ಟಿದ್ದಳು. ಕೊಳವೆ ಕೊಳಲಾಯಿತು, ನುಡಿಸುವವಳು ಜಯದೇವಿ.

ಮೊದಲ ದಿನವೇ ಬೆರಳಿಟ್ಟಳು.

"ನನ್ನ ಹೆಸರಲೆ ಏನೇನ ಹೇಳಿ ಬಂದೀಯ ಹಲ್ಕಟ್—"

ಬೆರಳು ತೆಗೆದಳು. ಬೈಗುಳ ಸುಂಯ್ ಎಂದಿತು.

"ಎಲ್ಲಾರ ಮುಂದ ಮಗಳಿಗಿ ಕರೀರಿ. ಆಮ್ಯಾಲ ನನಗ ಎಷ್ಟ ಬೇಕಾದ್ರೂ ಬೈರಿ, ಬೆರಳ ಹಿಡಕೊಂಡೇ ಕೂಡ್ತೇನಿ. ಇಲ್ಲಂದ್ರ ಹಿಂಗೇ ಸುಂಯ್ ಅನಕೋತ ಇರ್ರಿ."

ಕಾಯಿಲೆಯವರನ್ನು 'ಮಾತಾಡಿಸಿ' ಬರುವುದು ನಮ್ಮ ಕಡೆಯ ರೂಢಿ. ಮಾತೇ ಇಲ್ಲದವನನ್ನು ಮಾತಾಡಿಸಲು ಓಣಿಯೆಲ್ಲ ಬಂತು. ಅಂದು ಸ್ನಾನ ನೋಡಿದವರೇ. ಬಂಡೆಮ್ಮ ಮಂಚದ ಹತ್ತಿರ ಕೂತಳು.

"ದೌಲ್ಯಾ, ನಾಗಿಗಿ ಕರೀರಿ ಅಂದಿಯಂತ. ಖರೆ ಏನು?"

ಜಯದೇವಿ ಕೈ ತೊಳೆದು ಬಂದು ಬೆರಳಿಟ್ಟಳು. ದೌಲಪ್ಪ ಬೆರಳನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಬೆರಳನ್ನು ನೋಡಿದ.

"ಹೂಂ," ಎಂದ.

"ಪೂರಾ ಹೇಳ್ರಿ. ನೀರ ಹಾಕ್ಕೊಂಡಾಕಿ ನಾನು."

"ನಾಗಿ... ಸತ್ತಿಲ್ಲ. ಬರ್ಲಿ." ಉಸಿರು ಎಳೆದುಕೊಂಡ. ಗಂಟಲಿಗೆ ಹಳೆಯ ಗತ್ತು ಬಂತು. "ಆದ್ರ ಆ ಕಪಿಲ್ಯಾಗ—"

ಬೆರಳು ಮೇಲೆದ್ದಿತು. ಉಳಿದದ್ದೆಲ್ಲ ಕುತ್ತಿಗೆಯಿಂದ ಗಾಳಿಯಾಗಿ ಹೋಯಿತು.

"ಕೇಳಿದ್ರಿಲ್ಲ ಅಕ್ಕಾ," ಎಂದಳು ಜಯದೇವಿ, "ಅಳಿಯನ ಹೆಸರೂ ತಗೊಂಡ್ರು. ಫೋನ್ ಹಚ್ಚ್ರಿ."

ದೌಲಪ್ಪನ ಕಣ್ಣು ಕೆಂಡವಾದವು. ಆಕೆ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡು, ಬಂದವರಿಗೆ ಚಹಾ ಬೇಕೇ ಎಂದು ಕೇಳಿದಳು.