ರಾಗವಿಲ್ಲದೆ ಓದಬೇಕಾಗಿದ್ದ ಹನ್ನೆರಡು ನಿಯಮ

ಆ ಮುದ್ರಣಾಲಯದಲ್ಲಿ ಓದುವ ಕೆಲಸಕ್ಕೆ ಒಂದೇ ಒಂದು ಕಟ್ಟಳೆ ಇತ್ತು: ರಾಗ ಕೂಡದು.

ಕರಡು ತಿದ್ದುವ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಈ ತುದಿಯಲ್ಲಿ ಕೂತು ಹೊಸದಾಗಿ ಸೇರಿದ ಹುಡುಗಿ ಬರೆದವರ ಕೈಬರಹವನ್ನು ಗಟ್ಟಿಯಾಗಿ ಓದಬೇಕು. ಆ ತುದಿಯಲ್ಲಿ ಕೂತ ಹಿರಿಯರು ಅಚ್ಚಾದ ಕರಡಿನ ಮೇಲೆ ಬೆರಳು ಸರಿಸುತ್ತ, ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಬಿದ್ದದ್ದಕ್ಕೂ ತಾಳೆ ನೋಡಿ, ತಪ್ಪಿದ ಕಡೆ ಕೆಂಪು ಗೆರೆ ಎಳೆಯಬೇಕು. ಆ ಹಿರಿಯರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು, ಮಾಲೀಕರೂ ಸೇರಿ. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ತಿದ್ದಿಯೇ ಅಂಗಡಿಗೆ ಒಯ್ಯುವ ಆಸಾಮಿ.

"ನೀನು ಭಾವ ಸೇರಿಸಿದರೆ ನಾನು ಕಥೆ ಕೇಳ್ತಾ ಕೂತುಬಿಡ್ತೀನಿ ಕಣಮ್ಮ, ತಪ್ಪು ಜಾರಿ ಹೋಗುತ್ತೆ" ಎಂದು ಮೊದಲ ದಿನವೇ ಹೇಳಿದ್ದರು. "ನೀರು ಬಿಟ್ಟ ನಲ್ಲಿ ಥರ ಓದು. ಕಮಾ ಬಂದರೆ ಕಮಾ ಅನ್ನು. ಪೂರ್ಣವಿರಾಮ ಬಂದರೆ ಪೂರ್ಣವಿರಾಮ ಅನ್ನು. ಮುಗೀತು."

ಹೇಳುವುದು ಸುಲಭ. ಅವಳು ಬೆಳೆದದ್ದು ತಾತನ ಪಕ್ಕದಲ್ಲಿ. ತಾತ ದಿನವೂ ಬೆಳಗ್ಗೆ ಮುಖ ತೊಳೆದು, ಕಣ್ಣು ಮುಚ್ಚಿ, ಒಂದು ಗಂಟೆ ಪದ್ಯ ಹೇಳುತ್ತಿದ್ದರು. ಅರ್ಧಕ್ಕರ್ಧ ಪದ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಇದು ಕೆಣಕುವ ಸಾಲು, ಇದು ಅಳುವ ಸಾಲು, ಇಲ್ಲಿ ಕವಿ ಹೊಗಳಿದಂತೆ ಮಾಡಿ ಚುಚ್ಚುತ್ತಿದ್ದಾನೆ ಎಂಬುದು ಬೆನ್ನುಹುರಿಗೆ ಗೊತ್ತಾಗಿಬಿಡುತ್ತಿತ್ತು. ಅಂಥ ಕಿವಿಯನ್ನು ಹೊತ್ತುಕೊಂಡು ನಲ್ಲಿಯ ಥರ ಓದುವುದೆಂದರೆ ಕಾಲು ಕಟ್ಟಿಕೊಂಡು ನಡೆದ ಹಾಗೆ. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ, ಎರಡು ಸಲ ಎಡವಿದ್ದಳು. ಒಮ್ಮೆ ಯಾರದೋ ವರ್ಷಾಂತಿಕದ ಪ್ರಕಟಣೆಯನ್ನು ಅವಳು ಓದಿದ ರೀತಿಗೆ ದೊಡ್ಡಪ್ಪ ಕಣ್ಣೊರೆಸಿಕೊಂಡರು, ತೀರಿಕೊಂಡವರ ಇಸವಿ ಹುಟ್ಟಿದ ಇಸವಿಗಿಂತ ಹಿಂದೆ ಬಿದ್ದದ್ದು ಗೊತ್ತಾಗಲೇ ಇಲ್ಲ. ಇನ್ನೊಮ್ಮೆ ಸಾಬೂನಿನ ಜಾಹೀರಾತು.

"ಇನ್ನೊಂದು ಸಲ ರಾಗ ಎಳೆದರೆ ಬೇರೆ ಕೆಲಸ ನೋಡ್ಕೋಬೇಕಾಗುತ್ತೆ" ಎಂದಿದ್ದರು ದೊಡ್ಡಪ್ಪ. ಬೈದದ್ದಲ್ಲ. ನಿಜವಾಗಿಯೂ ಹೇಳಿದ್ದು.

ಆ ದಿನ ಬೆಳಗ್ಗೆ ಹತ್ತೂವರೆಗೆ ಮೇಜಿನ ಮೇಲಿದ್ದದ್ದು ಎಂಟು ಪುಟದ ಸಣ್ಣ ಪುಸ್ತಕ. ಬರೆದವರು ಆಸ್ಪತ್ರೆಯೊಂದರ ನಿವೃತ್ತ ದಾದಿ. ಇಪ್ಪತ್ತೆಂಟು ವರ್ಷ ಒಂದೇ ವಾರ್ಡಿನಲ್ಲಿ ದುಡಿದವರು. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಪೂರ್ತಿ ಹೋಗಿತ್ತು. ಅದಾದ ಮೇಲೆ ಈ ಪುಸ್ತಕ ಬರೆದಿದ್ದರು: 'ರೋಗಿಯನ್ನು ನೋಡಲು ಬರುವವರಿಗೆ ಹನ್ನೆರಡು ನಿಯಮ'. ಆಸ್ಪತ್ರೆಯವರು ಎರಡು ಸಾವಿರ ಪ್ರತಿ ಕೇಳಿದ್ದರು, ಒಂದೊಂದು ಮಂಚದ ಪಕ್ಕಕ್ಕೂ ಒಂದೊಂದು. ಮಧ್ಯಾಹ್ನ ಹನ್ನೆರಡಕ್ಕೆ ದಾದಿಯಮ್ಮನೇ ಮೊದಲ ಹಾಳೆ ನೋಡಲು ಬರುವವರಿದ್ದರು. ಹಿಂದಿನ ವಾರ ಅವಳು ಜ್ವರವೆಂದು ಮಲಗಿದ್ದಾಗ ದೊಡ್ಡಪ್ಪ ಒಬ್ಬರೇ ಕರಡು ತಿದ್ದಿ ಮುಗಿಸಿದ್ದರು. ಅಚ್ಚಿನ ತಗಡು ಆಗಲೇ ಯಂತ್ರಕ್ಕೆ ಏರಿತ್ತು. ಆದರೂ ಮಸಿ ಹದಕ್ಕೆ ಬರುವಷ್ಟರಲ್ಲಿ ಕೊನೆಯದೊಂದು ಓದು ಆಗಲೇಬೇಕೆಂಬುದು ದೊಡ್ಡಪ್ಪನ ಪದ್ಧತಿ.

ಅವಳು ಕೈಬರಹ ಬಿಡಿಸಿದಳು. ಗುಂಡಗಿನ, ಆತುರವಿಲ್ಲದ ಅಕ್ಷರ.

"ಅರ್ಪಣೆ. ಹೊಸ ಸಾಲು. ಇಪ್ಪತ್ತೆಂಟು ವರ್ಷ ಈ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದ ಎಲ್ಲ ಬಂಧುಮಿತ್ರರಿಗೆ ಕಮಾ ಕೃತಜ್ಞತೆಯಿಂದ ಪೂರ್ಣವಿರಾಮ" ಎಂದು ನಲ್ಲಿಯ ಥರ ಓದಿದಳು. "ಒಂದು. ಹಾಸಿಗೆಯ ಮೇಲೆಯೇ ಕೂರಿ ಪೂರ್ಣವಿರಾಮ. ಕುರ್ಚಿ ಇರುವುದು ನಿಮ್ಮ ಚೀಲಕ್ಕೆ ಪೂರ್ಣವಿರಾಮ."

"ಅಲ್ಲಿ ಕೂರಬಾರದು ಅಂತ ಮಾಡಿದ್ದೀನಿ. ಕುರ್ಚಿ ಸಾಲು ತೆಗೆದಿದ್ದೀನಿ. ಮುಂದೆ" ಎಂದರು ದೊಡ್ಡಪ್ಪ, ತಲೆ ಎತ್ತದೆ.

"ಎರಡು. ಇದೇ ಕಾಯಿಲೆಯಿಂದ ತೀರಿಕೊಂಡ ನಿಮ್ಮ ಕಡೆಯವರ ಪಟ್ಟಿಯನ್ನು ಹೇಳಿ ಪೂರ್ಣವಿರಾಮ. ದೂರದ ಸಂಬಂಧವೆಂದು ಯಾರನ್ನೂ ಕೈಬಿಡಬೇಡಿ ಪೂರ್ಣವಿರಾಮ."

"ಹೇಳಬಾರದು ಅಂತ ಮಾಡಿದ್ದೀನಿ. ಮುಂದೆ."

"ಮೂರು. ರೋಗಿ ಮಲಗಿದ್ದರೆ ಎಬ್ಬಿಸಿ ಕಮಾ ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ವಿಚಾರಿಸಿ..."

ಅವಳಿಗೆ ನಗು ಒತ್ತಿಕೊಂಡು ಬಂತು. ತುಟಿ ಕಚ್ಚಿ ಹಿಡಿದರೂ ಮೂಗಿನಿಂದ ಹೊರಬಿತ್ತು.

"ಏನಾಯ್ತು? ಇನ್ನೂ ಜ್ವರನಾ?"

"ದೊಡ್ಡಪ್ಪ, ಇದನ್ನೆಲ್ಲ ಯಾಕೆ ಬದಲಾಯಿಸಿದಿರಿ?"

ದೊಡ್ಡಪ್ಪ ಕನ್ನಡಕ ತೆಗೆದು, ದನಿ ತಗ್ಗಿಸಿದರು. "ನೋಡಮ್ಮ, ಯಾರಿಗೂ ಹೇಳಬೇಡ. ಪಾಪ, ದೊಡ್ಡ ಕಾಯಿಲೆಯಿಂದ ಎದ್ದ ಹೆಂಗಸು. ಎಲ್ಲೋ ತಲೆ ಸ್ವಲ್ಪ ಹಿಂದುಮುಂದು ಆಗಿದೆ. ಒಂದೊಂದನ್ನೂ ತಿರುಗಾ ಮುರುಗಾ ಬರೆದಿದ್ದಾರೆ. ಊರೆಲ್ಲ ನೋಡಿ ನಗಬಾರದಲ್ಲ? ಸದ್ದಿಲ್ಲದೆ ಎಲ್ಲಾ ಸರಿಮಾಡಿಟ್ಟಿದ್ದೀನಿ. ಅವರಿಗೂ ಗೊತ್ತಾಗೋದು ಬೇಡ."

ಕೆಟ್ಟತನಕ್ಕಾದರೆ ಎದುರು ನಿಲ್ಲಬಹುದು. ಇಷ್ಟು ಮೃದುವಾದ ಒಳ್ಳೆಯತನಕ್ಕೆ ಏನೆನ್ನುವುದು? ಅವಳು ಕರಡನ್ನು ಎಳೆದುಕೊಂಡು ನೋಡಿದಳು. ಕೂರಬಾರದು. ಹೇಳಬಾರದು. ಎಬ್ಬಿಸಬಾರದು. ತಿನ್ನಬಾರದು. ಎಲ್ಲ ಆಸ್ಪತ್ರೆಗಳ ಎಲ್ಲ ಗೋಡೆಗಳ ಮೇಲೂ ಇರುವ, ಯಾರೂ ಓದದ ಹಲಗೆ. ದಾದಿಯಮ್ಮನ ಗಂಟಲನ್ನು ವೈದ್ಯರು ಒಂದು ಸಲ ತೆಗೆದಿದ್ದರು. ಇದು ಎರಡನೆಯ ಸಲ.

ಗೋಡೆಯಾಚೆ ಯಂತ್ರ ಗುರ್ ಎಂದಿತು.

ಅವಳು ಕೈಬರಹ ಹಿಡಿದೇ ಎದ್ದೋಡಿದಳು. ಕುರ್ಚಿ ಹಿಂದಕ್ಕೆ ಬಿದ್ದದ್ದೂ ಗೊತ್ತಾಗಲಿಲ್ಲ. ಕಾಗದದ ಕಟ್ಟುಗಳ ನಡುವೆ ನುಸುಳಿ, ಯಂತ್ರದ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿ, "ಅಣ್ಣಾ, ನಿಲ್ಸಿ! ನಿಲ್ಸಿ!" ಎಂದು ಕೂಗಿದಳು.

ಯಂತ್ರ ನಡೆಸುವವನು ಬೆಚ್ಚಿ ಗುಂಡಿ ಒತ್ತಿದ. ಅವನಿಗೆ ಅವಳೆಂದರೆ 'ಗಿಣಿ', ದಿನವಿಡೀ ಬರೆದದ್ದನ್ನೇ ಉಲಿಯುತ್ತ ಕೂರುತ್ತಾಳೆಂದು. "ಏನ್ ಗಿಣಿ, ರೆಕ್ಕೆಗೆ ಬೆಂಕಿ ಬಿತ್ತಾ? ಹತ್ತು ಹಾಳೆ ಹಾಳಾಯ್ತು ನೋಡು."

"ಹತ್ತೇ ತಾನೇ! ಬದುಕಿದೆ!"

ಹಿಂದೆಯೇ ದೊಡ್ಡಪ್ಪ ಏದುಸಿರು ಬಿಡುತ್ತ ಬಂದರು. "ಯಾರು ಹೇಳಿದ್ದು ನಿಲ್ಲಿಸೋಕೆ?"

"ನಾನೇ ಹೇಳಿದ್ದು. ದೊಡ್ಡಪ್ಪ, ಅವರ ತಲೆ ನೆಟ್ಟಗಿದೆ. ಅವರು ಕೆಣಕ್ತಾ ಇದ್ದಾರೆ! ಅರ್ಪಣೆ ನೋಡಿ. ಚಾಚೂ ತಪ್ಪದೆ ಪಾಲಿಸಿದವರಿಗೆ ಅಂತಾರೆ. ಹಾಸಿಗೆ ಮೇಲೆ ಕೂತವರಿಗೆ ಯಾವ ದಾದಿ ಥ್ಯಾಂಕ್ಸ್ ಹೇಳ್ತಾಳೆ, ನೀವೇ ಹೇಳಿ!"

"ಇದು ಆಸ್ಪತ್ರೆಯಲ್ಲಿಡೋ ಪುಸ್ತಕ. ಯಾರಾದರೂ ನಿಜ ಅಂದ್ಕೊಂಡು ಹಾಸಿಗೆ ಮೇಲೆ ಕೂತರೆ?"

"ಈಗ ಎಲ್ಲಿ ಕೂರ್ತಾರೆ ದೊಡ್ಡಪ್ಪ?"

ಯಂತ್ರದಣ್ಣ ಬೇರೆ ಕಡೆ ತಿರುಗಿ ಕೆಮ್ಮಿದ. ದೊಡ್ಡಪ್ಪ ಸೋಲಲಿಲ್ಲ. "ಓದಿದಾಗ ನನಗೇನೂ ಹಾಗನ್ನಿಸಲಿಲ್ಲ."

"ನೀವು ಕಮಾ ಸಮೇತ ಓದಿಕೊಂಡಿರಿ. ಒಂದೇ ಒಂದು ಸಲ ರಾಗ ಹಾಕಿ ಓದ್ತೀನಿ. ಆಮೇಲೆ ಬೇಕಾದರೆ ಕೆಲಸ ಬಿಡಿಸಿ."

ದೊಡ್ಡಪ್ಪ ಕೈಕಟ್ಟಿ ನಿಂತರು. ಅಷ್ಟು ಸಾಕಾಯಿತು. ಅವಳು ಕಾಗದದ ಕಟ್ಟಿನ ಮೇಲೆ ಕೂತಳು, ತಾತನ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿದಳು. ಯಾರ ದನಿ ಇದು? ಇಪ್ಪತ್ತೆಂಟು ವರ್ಷ ಮಂಚದಿಂದ ಮಂಚಕ್ಕೆ ನಡೆದು ಕಾಲು ನೋಯಿಸಿಕೊಂಡ ಹೆಂಗಸು. ಎಷ್ಟು ಹೇಳಿದರೂ ಕೇಳದವರನ್ನು ಕಂಡವಳು. ಸಿಟ್ಟು ಬಂದದ್ದಿದೆ, ಆದರೆ ಹಳತಾಗಿ, ನಗುವಾಗಿ ಹಣ್ಣಾಗಿದೆ. ಮುಖ ಮಾತ್ರ ಗಂಭೀರ. ಹಾಂ, ಅಲ್ಲೇ ಇದೆ ಕೀಲಿ: ಹೇಳುವವಳು ನಗಬಾರದು.

"ಹಾಸಿಗೆಯ ಮೇಲೆಯೇ ಕೂರಿ" ಎಂದಳು, ಅತಿಥಿಗೆ ಉಪಚಾರ ಹೇಳುವ ಸೌಜನ್ಯದಿಂದ. "ಕುರ್ಚಿ ಇರುವುದು ನಿಮ್ಮ ಚೀಲಕ್ಕೆ."

ಯಂತ್ರದಣ್ಣ ಫಕ್ಕನೆ ನಕ್ಕ. ಎರಡನೆಯದಕ್ಕೆ ತೊಡೆ ತಟ್ಟಿದ. ಮೂರು, ನಾಲ್ಕು, ದೊಡ್ಡಪ್ಪನ ಹುಬ್ಬು ಗಂಟಿಕ್ಕಿದ ಹಾಗೆಯೇ ಇತ್ತು. ಐದು.

"ರೋಗಿಗೆಂದು ತಂದ ಹಣ್ಣನ್ನು ಸುಲಿದು ನೀವೇ ತಿನ್ನಿ. ಪಥ್ಯ ಅವರಿಗೆ, ನಿಮಗಲ್ಲ. ಸಿಪ್ಪೆಯನ್ನು ಮಾತ್ರ ಪ್ರೀತಿಯಿಂದ ಅವರ ತಟ್ಟೆಯಲ್ಲಿಡಿ."

"ನಮ್ಮ ಷಡ್ಡಕ!" ಎಂದು ದೊಡ್ಡಪ್ಪ ಚೀರಿದರು. "ನನ್ನ ಹೊಟ್ಟೆ ಕೊಯ್ದಾಗ ಬಂದಿದ್ದ! ಒಂದು ಡಜನ್ ಕಿತ್ತಳೆ ತಂದು ಹನ್ನೊಂದು ತಾನೇ ತಿಂದ! ಸಿಪ್ಪೆ... ಅಯ್ಯೋ, ತಟ್ಟೇಲೇ ಇಟ್ಟಿದ್ದ ಕಣಮ್ಮ!" ನಗು ಅವರನ್ನು ಹಿಡಿದು ಅಲ್ಲಾಡಿಸಿತು. ಹೊಲಿಗೆ ಹಾಕಿದ್ದ ಜಾಗವನ್ನು ಅಭ್ಯಾಸಬಲದಿಂದ ಒತ್ತಿ ಹಿಡಿದುಕೊಂಡು ನಕ್ಕರು. "ಹೋದ ವರ್ಷ ಇದು ಮಂಚದ ಪಕ್ಕ ಇದ್ದಿದ್ದರೆ ಸುಮ್ಮನೆ ಅವನ ಕೈಗೆ ಕೊಟ್ಟುಬಿಡ್ತಿದ್ದೆ. ಬೈಯೋದೂ ತಪ್ತಿತ್ತು."

"ಅದಕ್ಕೇ ಬರೆದಿರೋದು ದೊಡ್ಡಪ್ಪ! ಮಾಡಬೇಡಿ ಅಂದರೆ ಯಾರೂ ಕೇಳಲ್ಲ. ತನ್ನ ಮುಖ ತಾನೇ ಕಂಡು ನಕ್ಕವನು ಎದ್ದು ಕುರ್ಚಿಗೆ ಹೋಗ್ತಾನೆ."

"ಹೊಸ ತಗಡಿಗೆ ಎಷ್ಟು ಹೊತ್ತು ಬೇಕು?" ಎಂದು ದೊಡ್ಡಪ್ಪ ಯಂತ್ರದಣ್ಣನತ್ತ ತಿರುಗಿದರು.

"ಮುಕ್ಕಾಲು ಗಂಟೆ. ಈಗಲೇ ಕೊಟ್ಟರೆ."

ಗಡಿಯಾರದಲ್ಲಿ ಹನ್ನೊಂದಾಗಿತ್ತು. ಮೂವರೂ ಕರಡಿನ ಕೋಣೆಗೆ ಓಡಿದರು. ಅವಳು ಓದುತ್ತ ಹೋದಳು, ದೊಡ್ಡಪ್ಪ ತಮ್ಮದೇ ಕೆಂಪು ಗೆರೆಗಳ ಮೇಲೆ ಕೆಂಪು ಗೆರೆ ಎಳೆಯುತ್ತ ಹೋದರು, ಹಾಳೆ ಕೆಂಡದ ಹಾಗಾಯಿತು. ಹುರುಪು ಏರಿದ್ದು ಯಾವ ಮಟ್ಟಕ್ಕೆಂದರೆ ಹನ್ನೆರಡನೆಯದಕ್ಕೆ ಬಂದಾಗ ಅವರು ಪೆನ್ನು ಝಳಪಿಸಿದರು.

ಕೈಬರಹದಲ್ಲಿ ಇದ್ದದ್ದು ಇಷ್ಟೇ: 'ಕೈ ಹಿಡಿದುಕೊಳ್ಳಿ. ಸುಮ್ಮನಿರಿ.'

"ಇದೊಂದು ಸಪ್ಪೆ ಆಯ್ತು. ನಾನೇ ಸೇರಿಸ್ತೀನಿ ತಾಳು. ಕೈ ಹಿಡಿದುಕೊಳ್ಳಿ, ಸೂಜಿ ಚುಚ್ಚೋಕೆ ಬಂದರೂ ಬಿಡಬೇಡಿ! ಹೇಗಿದೆ?"

"ಬೇಡ ದೊಡ್ಡಪ್ಪ!" ಅವಳು ಹಾಳೆಯ ಮೇಲೆ ಕೈಯನ್ನೇ ಇಟ್ಟುಬಿಟ್ಟಳು. "ಇದು ತಮಾಷೆ ಅಲ್ಲ."

"ಎಲ್ಲಾ ತಮಾಷೆ ಅಂತ ಈಗ ತಾನೇ ಕೂಗಾಡಿದೆ!"

"ಹನ್ನೊಂದು ಮಾತ್ರ. ಇದಲ್ಲ. ಮಿಕ್ಕಿದ್ದಕ್ಕೆಲ್ಲ ಒಂದೊಂದು ಬಾಲ ಇದೆ ನೋಡಿ, ಕುರ್ಚಿ ಚೀಲಕ್ಕೆ, ಸಿಪ್ಪೆ ತಟ್ಟೆಗೆ. ಇದಕ್ಕೆ ಬಾಲ ಇಲ್ಲ. ಮತ್ತೆ ಈ ಜಾಗ." ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ದಾದಿಯಮ್ಮ ನಾಲ್ಕು ಸಾಲಿನಷ್ಟು ಖಾಲಿ ಬಿಟ್ಟಿದ್ದರು. ಕರಡಿನಲ್ಲಿ ಅದು ಇರಲಿಲ್ಲ.

"ಅದನ್ನ ನಾನು ಮುಚ್ಚಿಸಿದೆ. ಸುಮ್ಮನೆ ಜಾಗ ದಂಡ ಅಂತ."

"ನಮ್ಮ ತಾತ ಪದ್ಯ ಹೇಳುವಾಗ ಎಲ್ಲರನ್ನೂ ನಗಿಸಿ ನಗಿಸಿ, ಇದ್ದಕ್ಕಿದ್ದ ಹಾಗೆ ಅಂಗೈಯನ್ನ ನೆಲದ ಮೇಲೆ ಇಡ್ತಿದ್ದರು. ಒಂದು ಉಸಿರು ಸುಮ್ಮನಾಗ್ತಿದ್ದರು. ಆಮೇಲೆ ಬರ್ತಿದ್ದ ಸಾಲಿಗೆ ಯಾರೂ ನಗ್ತಿರಲಿಲ್ಲ." ಅವಳು ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು. "ಇದು ಆ ಅಂಗೈ."

ದೊಡ್ಡಪ್ಪ ಕೈಬರಹವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹನ್ನೊಂದು ಕಿತ್ತಳೆ ಮುಗಿದ ಮೇಲೆ ಷಡ್ಡಕ ಏನು ಮಾಡಿದನೆಂಬುದು ನೆನಪಾಯಿತೋ ಏನೋ, "ಹೌದು, ಕೊನೆಗೆ ಸ್ವಲ್ಪ ಹೊತ್ತು ಕೈ ಹಿಡ್ಕೊಂಡಿದ್ದ" ಎಂದು ತಮಗೆ ತಾವೇ ಹೇಳಿಕೊಂಡರು. ಪೆನ್ನಿನ ಮುಚ್ಚಳ ಹಾಕಿದರು. "ನಾಲ್ಕು ಸಾಲು ಖಾಲಿ ಬಿಡಿಸು. ಒಂದು ಕೂದಲೂ ಕಡಿಮೆ ಆಗಬಾರದು."

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಯಂತ್ರ ಮೊದಲ ಹಾಳೆಯನ್ನು ಉಗುಳಿತು. ಅದೇ ಹೊತ್ತಿಗೆ ಬಾಗಿಲಲ್ಲಿ, ಕುತ್ತಿಗೆಗೆ ನೀಲಿ ವಸ್ತ್ರ ಸುತ್ತಿಕೊಂಡ, ಸಪೂರ ಮೈಕಟ್ಟಿನ ಹೆಂಗಸು ನಿಂತಿದ್ದರು. ಕೈಯಲ್ಲೊಂದು ನೋಟುಪುಸ್ತಕ. ಹಾಳೆಯನ್ನು ಮುಟ್ಟಿ ನೋಡಿದ ದಾದಿಯಮ್ಮ ಪುಸ್ತಕದಲ್ಲಿ ಬರೆದು ತೋರಿಸಿದರು: 'ಕನ್ನಡಕ ಮರೆತೆ. ಯಾರಾದರೂ ಓದಿ.'

ಅವಳು ದೊಡ್ಡಪ್ಪನ ಮುಖ ನೋಡಿದಳು.

"ಓದಮ್ಮ" ಎಂದರು ದೊಡ್ಡಪ್ಪ. "ನಲ್ಲಿ ಥರ ಬೇಡ."

ಅವಳು ಓದಿದಳು. ದಾದಿಯಮ್ಮನ ಭುಜ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕುಲುಕಿತು. ಸದ್ದಿಲ್ಲದ ನಗು ಕಣ್ಣಿನಿಂದ ಇಳಿಯಿತು. ಹನ್ನೊಂದನೆಯ ನಿಯಮ ಆದ ಮೇಲೆ ಅವಳು ಅಂಗೈಯನ್ನು ಕಾಗದದ ಕಟ್ಟಿನ ಮೇಲಿಟ್ಟು, ಒಂದು ಉಸಿರು ಬಿಟ್ಟು, ಕೊನೆಯ ಎರಡು ಮಾತು ಹೇಳಿದಳು. ಯಂತ್ರದಣ್ಣ ಕೈಯಲ್ಲಿದ್ದ ಮಸಿಬಟ್ಟೆಯನ್ನು ಕೆಳಗಿಟ್ಟ.

ದಾದಿಯಮ್ಮ ಕಣ್ಣೊರೆಸಿಕೊಂಡರು. ನೋಟುಪುಸ್ತಕದಲ್ಲಿ ಬರೆದು ಅವಳ ಕಡೆ ತಿರುಗಿಸಿದರು: 'ನನ್ನ ಗಂಟಲು ಇಲ್ಲಿತ್ತಾ! ಆಸ್ಪತ್ರೆಯೆಲ್ಲ ಹುಡುಕಿದೆ.'

ಅವಳಿಗೆ ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ಅಷ್ಟರಲ್ಲಿ ದೊಡ್ಡಪ್ಪ ಮುಂದೆ ಬಂದು, ತಡವರಿಸುತ್ತ, ನಡೆದದ್ದನ್ನೆಲ್ಲ ಒಪ್ಪಿಕೊಂಡುಬಿಟ್ಟರು. ಎಲ್ಲವನ್ನೂ ತಾವು ಸರಿಮಾಡಿದ್ದು, ಯಂತ್ರ ಓಡಿದ್ದು, ಹತ್ತು ಹಾಳೆ. ದಾದಿಯಮ್ಮ ಗಂಭೀರವಾಗಿ ಕೇಳಿಸಿಕೊಂಡು, ಗಂಭೀರವಾಗಿ ಬರೆದು, ಪುಸ್ತಕವನ್ನು ಅವರ ಮುಖದ ಮುಂದೆ ಹಿಡಿದರು.

ದೊಡ್ಡಪ್ಪ ಒಮ್ಮೆ ಓದಿಕೊಂಡರು, ಇನ್ನೊಮ್ಮೆ ಓದಿಕೊಂಡರು. ಅವಳ ಕಡೆ ಬಾಗಿ ಪಿಸುಗುಟ್ಟಿದರು. "ಗಿಣಿ, ಇದು ನಿಜಾನಾ, ತಮಾಷೆನಾ?"

"ನೀವೇ ಓದಿ ದೊಡ್ಡಪ್ಪ. ಗಟ್ಟಿಯಾಗಿ."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಆ ಹತ್ತು ಹಾಳೆಯನ್ನು ಕಟ್ಟು ಹಾಕಿಸಿ ನಿಮ್ಮ ಮನೆಯಲ್ಲೇ ತೂಗುಹಾಕಿ ಕಮಾ ಅಷ್ಟು ಒಳ್ಳೆಯ ನಿಯಮಗಳನ್ನು ನಾನು ಜನ್ಮದಲ್ಲಿ ಬರೆಯಲಾರೆ ಪೂರ್ಣವಿರಾಮ."

ಯಂತ್ರದಣ್ಣ ಗೋಡೆಗೆ ಒರಗಿ ನಕ್ಕ. ದಾದಿಯಮ್ಮ ಬೆರಳೆತ್ತಿ ಸುತ್ತು ತಿರುಗಿಸಿದರು: ಇನ್ನೊಂದು ಸಲ. ದೊಡ್ಡಪ್ಪ ಮತ್ತೆ ಶುರುಮಾಡಿದರು. ಈ ಸಲ ಕಮಾ ನುಂಗಿದರು. 'ಅಷ್ಟು ಒಳ್ಳೆಯ' ಎನ್ನುವಲ್ಲಿಗೆ ಬಂದಾಗ ಅವರ ದನಿ ತಾನಾಗಿಯೇ ಸಣ್ಣಗೆ ಎದ್ದು, ಒಂದು ಸುತ್ತು ಹಾಕಿ ಇಳಿಯಿತು. ತಮ್ಮ ಗಂಟಲಿನಿಂದ ಹೊರಟದ್ದನ್ನು ತಾವೇ ಕೇಳಿ ಅವರು ಕಣ್ಣರಳಿಸಿ ನಿಂತರು.

"ರಾಗ ಬಂತು!" ಎಂದು ಅವಳು ಕಿರುಚಿದಳು.

"ಬಂತಲ್ವಾ?" ಎಂದರು ದೊಡ್ಡಪ್ಪ, ಹೆಮ್ಮೆಯಿಂದ ಕೆಂಪಾಗಿ. ಆಮೇಲೆ ಯಂತ್ರದ ಕಡೆ ಕೈ ಬೀಸಿದರು. "ಏನ್ ನೋಡ್ತಾ ನಿಂತಿದ್ದೀಯಪ್ಪ? ಓಡಿಸು. ಎರಡು ಸಾವಿರ!"