ಇತರೆ: ೬೮ ಕೆಜಿ

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ವಾಹನದ ಎಂಜಿನ್ನಿನಿಂದ ಶುರು ಮಾಡಿದರೆ ನೀವು ಮೂರನೇ ಸಾಲಿಗೇ ಎದ್ದು ಹೋಗುತ್ತೀರಿ. ಸೂರ್ಯೋದಯದಿಂದ ಶುರು ಮಾಡಿದರೆ ನಾನೇ ಎದ್ದು ಹೋಗುತ್ತೇನೆ.

ಮೊದಲ ಕರಡು ಹೀಗಿತ್ತು: “ನಿಜಗುಣ ಒಂದು ಟ್ರೇಲರು ಕೊಂಡ. ಅದನ್ನು ಎಳೆಯುವ ಗಾಡಿಯ ಬಗ್ಗೆ ಆಮೇಲೆ ಯೋಚಿಸಿದ.” (ಕತೆ ಇಷ್ಟೇ. ಕೆಲಸವಿರುವವರು ಇಲ್ಲಿಗೇ ನಿಲ್ಲಿಸಬಹುದು.)

ಎರಡನೆಯ ಕರಡಿನಲ್ಲಿ ಅವನಿಗೊಂದು ವ್ಯಕ್ತಿತ್ವ ಕೊಟ್ಟೆ. ನಿಜಗುಣ ಗದುಗಿನ ಕಡೆಯವನು, ಕೆನಡಾದ ಪಿಕರಿಂಗಿನ ಅಣುಸ್ಥಾವರದಲ್ಲಿ ಸುರಕ್ಷತೆಯ ಲೆಕ್ಕ ಹಾಕುವ ಎಂಜಿನಿಯರು. ಯಾವುದು ಎಷ್ಟು ಭಾರ ತಡೆಯುತ್ತದೆ ಎಂದು ದಿನವಿಡೀ ನೋಡಿ, ಮನೆಗೆ ಬಂದು ಪುಸ್ತಕದ ಕಪಾಟನ್ನೂ ಅದೇ ಕಣ್ಣಿನಿಂದ ನೋಡುವವನು. ಇಂಥವನು, ನಿವೃತ್ತನಾಗುತ್ತಿದ್ದ ಸಹೋದ್ಯೋಗಿಯ, ಒಳಗೇ ಉಂಡು ಮಲಗಬಹುದಾದ ಹದಿನಾರು ಅಡಿಯ ಟ್ರೇಲರನ್ನು ಐದು ನಿಮಿಷದಲ್ಲಿ ಒಪ್ಪಿಕೊಂಡುಬಿಟ್ಟ. ಆ ಪುಣ್ಯಾತ್ಮ ಏಪ್ರಿಲ್ಲಿನಲ್ಲಿ ತಾನೇ ಎಳೆದು ತಂದು ಇವನ ಮನೆಮುಂದಿನ ಡ್ರೈವ್‌ವೇಯಲ್ಲಿ ನಿಲ್ಲಿಸಿ, ಹಾರ್ನ್ ಹೊಡೆದು ಹೊರಟುಹೋದ. ಅಂದಿನಿಂದ ಅದು ಒಂದಿಂಚು ಕದಲಿಲ್ಲ. ಈಗ ಜುಲೈ.

೧.

ಸಲಹೆಗಳಿಗೇನೂ ಬರವಿರಲಿಲ್ಲ. ಹೆಂಡತಿ ರತ್ನಾಳ ಚಿಕ್ಕಪ್ಪನ ಮಗ ವಿಕ್ರಮ್ ಬೋಲ್ಟನ್ನಿನ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. “ಮಾವಾ, ಪಿಕಪ್ ಟ್ರಕ್ ತಗೋರಿ. ಕೆನಡಾದಾಗ ಇದ್ದು ಟ್ರಕ್ ಇಲ್ಲಂದ್ರ ಹೆಂಗ?” ಎಂದ. ತಾನು ಮಾತ್ರ ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಶಿಫ್ಟಿಗೆ ಹೋಗುತ್ತಾನೆ.

ನಿಜಗುಣ ಯಾರ ಮಾತೂ ಕೇಳಲಿಲ್ಲ. ಸ್ಪ್ರೆಡ್‌ಶೀಟು ತೆರೆದ.

(ಇನ್ನು ಒಂದು ಪ್ಯಾರಾ ತಾಂತ್ರಿಕ ವಿಷಯ. ಸಹಿಸಿಕೊಳ್ಳಿ, ರತ್ನಾ ಮೂರು ತಿಂಗಳು ಸಹಿಸಿಕೊಂಡಿದ್ದಾಳೆ.) ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಮನೆಯಲ್ಲಿದ್ದ ಹಳೆಯ ಮಿನಿವ್ಯಾನಿಗೆ ಟ್ರೇಲರನ್ನು ಎಳೆಯುವ ಶಕ್ತಿ ಇತ್ತು. ಆದರೆ ಜನ, ಸಾಮಾನು ಎಲ್ಲ ಸೇರಿ ಐನೂರ ನಲವತ್ತು ಕೆಜಿ ಮೀರಕೂಡದು ಎಂದು ಅದರ ಬಾಗಿಲ ಮೇಲೊಂದು ಚೀಟಿ ಅಂಟಿಸಿದ್ದರು. ಟ್ರೇಲರಿನ ಮೂತಿ ವ್ಯಾನಿನ ಬೆನ್ನ ಮೇಲೆ ಒರಗುತ್ತದಲ್ಲ, ಆ ನೂರ ನಲವತ್ತು ಕೆಜಿಯೂ ಅದರಲ್ಲೇ ಸೇರಬೇಕು. ನಿಜಗುಣ ಎಲ್ಲ ಕೂಡಿಸಿದ. ಐನೂರ ಐವತ್ಮೂರು ಬಂತು. ಹಾಳೆಯ ಕೊನೆಯ ಚೌಕ, ಮಿತಿ ಮೀರಿತೆಂದು, ಕೆಂಪಾಯಿತು.

“ಹದಿಮೂರು ಕೆಜಿ ಅಷ್ಟ ಅಲ್ರೀ? ನೀವ ಇಳಸ್ರಿ,” ಎಂದಳು ರತ್ನಾ.

“ಡೇಟಾ ನೋಡಿ ಮಾತಾಡು,” ಎಂದ ಎಂಬತ್ತಾರು ಕೆಜಿಯ ನಿಜಗುಣ.

“ಪಪ್ಪಾ, ಜಸ್ಟ್ ಲೀವ್ ಮಿ ಹೋಮ್. ಪ್ರಾಬ್ಲಮ್ ಸಾಲ್ವ್ಡ್,” ಎಂದಳು ಮಗಳು ನಿಧಿ, ಫೋನಿನಿಂದ ತಲೆಯೆತ್ತದೆ.

೨.

ಅದೇ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಅವರವರ ತೂಕವಿತ್ತು. ಒಬ್ಬರದು ಮಾತ್ರ ಹೀಗಿತ್ತು: “ಇತರೆ: ೬೮”.

ಇತರೆ ಎಂದರೆ ಅಕ್ಕಮ್ಮ, ರತ್ನಾಳ ತಾಯಿ. ಎಪ್ಪತ್ನಾಲ್ಕು ವರ್ಷ. ಎರಡು ವರ್ಷದ ಹಿಂದೆ ವೀಸಾಕ್ಕೆಂದು ಮಾಡಿಸಿದ ವೈದ್ಯಕೀಯ ತಪಾಸಣೆಯ ಕಾಗದದಲ್ಲಿ ಅರವತ್ತೆಂಟು ಎಂದಿತ್ತು. ನಿಜಗುಣ ಅದನ್ನೇ ಎತ್ತಿಕೊಂಡ. ಅತ್ತೆಯನ್ನು ತೂಕದ ಯಂತ್ರ ಹತ್ತಿ ಎನ್ನುವ ಅಳಿಯ ಗದಗ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹೆಸರು ಬರೆದು ಮುಂದೆ ಕೆಜಿ ಬರೆಯುವುದೂ ಅವನಿಗೆ ಸರಿ ಕಾಣಲಿಲ್ಲ. ಹಾಗಾಗಿ ಮರ್ಯಾದೆಯಿಂದ ಅವರನ್ನು ಸಾಮಾನಿನ ಪಟ್ಟಿಗೆ ಸೇರಿಸಿದ.

ಟ್ರೇಲರನ್ನು ನಿಜವಾಗಿ ಬಳಸುತ್ತಿದ್ದವರು ಅಕ್ಕಮ್ಮ ಒಬ್ಬರೇ. ಊಟವಾದ ಮೇಲೆ ಅದರೊಳಗೆ ಹೋಗಿ, ಕಿಟಕಿ ತೆರೆದು, ಬಟಾಣಿ ಸುಲಿಯುತ್ತಾ ಕೂರುತ್ತಿದ್ದರು. ವಾರಕ್ಕೊಮ್ಮೆ ನಳ ಬರುವ ಓಣಿಯಿಂದ ಬಂದವರು. ಒಂಟಾರಿಯೊ ಸರೋವರವನ್ನು ಮೊದಲು ನೋಡಿದಾಗ ಅದು ಸಿಹಿನೀರೆಂದು ಕುಡಿದು ನೋಡಿಯೇ ನಂಬಿದ್ದರು. ಇದಕ್ಕಿಂತ ದೊಡ್ಡದು, ಸುಪೀರಿಯರ್ ಅಂತ, ಉತ್ತರದಲ್ಲಿದೆ ಎಂದು ನಿಧಿ ಹೇಳಿದ ಮೇಲೆ ಒಂದೇ ಹಟ.

“ಆ ಸುಪೀರಿಯರ್ ದಂಡೀ ಮ್ಯಾಲೆ ಒಂದ ರಾತ್ರಿ ಮಲಗಬೇಕ್ರಿ ಅಳಿಯಂದ್ರ. ಅಷ್ಟ ಆದ್ರ ಸಾಕು.”

ಸೆಪ್ಟೆಂಬರ್ ಕೊನೆಗೆ ಅವರ ವಾಪಸು ಟಿಕೇಟು. “ಆಗ್ಲಿ ಅತ್ತಿ, ಗಾಡಿ ಒಂದು ಫೈನಲ್ ಆಗ್ಲಿ,” ಎನ್ನುತ್ತಿದ್ದ ನಿಜಗುಣ. ಮೂರು ತಿಂಗಳಿಂದ ಎನ್ನುತ್ತಲೇ ಇದ್ದ.

೩. (ಇಲ್ಲೊಂದು ಕಾರ್ ಚೇಸ್ ಇತ್ತು. ಗಾಡಿಯೇ ಇಲ್ಲದ್ದರಿಂದ ಕೈಬಿಟ್ಟೆ.)

೪.

ಶನಿವಾರ ನಿಜಗುಣ ಬಚ್ಚಲುಮನೆಯ ತೂಕದ ಯಂತ್ರವನ್ನು ಹಾಲಿಗೆ ತಂದ. ಸಾಮಾನು ಹಿಡಿದು ಯಂತ್ರದ ಮೇಲೆ ನಿಲ್ಲುವುದು, ಬಂದದ್ದರಲ್ಲಿ ತನ್ನ ತೂಕ ಕಳೆಯುವುದು. ಇಪ್ಪತ್ಮೂರು ಕೆಜಿಯ ಸೂಟ್‌ಕೇಸು ಕಟ್ಟಿ ಊರಿಗೆ ಹೋಗಿಬರುವ ಮನೆಗಳಲ್ಲಿ ಈ ವಿದ್ಯೆಯನ್ನು ಯಾರಿಗೂ ಕಲಿಸಬೇಕಾಗಿಲ್ಲ. ಕುಕ್ಕರು, ಒಲೆ, ನೀರಿನ ಕ್ಯಾನು ಒಂದೊಂದಾಗಿ ತೂಗಿದ. ಹದಿಮೂರರಲ್ಲಿ ಒಂದು ಕೆಜಿಯೂ ಇಳಿಯಲಿಲ್ಲ.

ಅಕ್ಕಮ್ಮ ಅಡುಗೆಮನೆಯಿಂದ ಒಂಬತ್ತು ಕೆಜಿಯ ಜೋಳದ ಹಿಟ್ಟಿನ ಚೀಲ ಅಪ್ಪಿಕೊಂಡು ಬಂದರು. ಬೇಸಿಗೆಯಲ್ಲೂ ಎರಡು ಸ್ವೆಟರು.

“ಇತರೆ ಅಂದ್ರ ನಾನ ಅಂತ ನಿಧಿ ಹೇಳಿದ್ಲು. ಕೇಳಾಕ ನಿಮಗ ನಾಚಿಕಿ, ಹೇಳಾಕ ನನಗ ನಾಚಿಕಿ. ಹಿಟ್ಟ ಹಿಡ್ಕೊಂಡ ನಿಂದರ್ತೇನಿ. ಹಿಟ್ಟಿಂದು ಚೀಲದ ಮ್ಯಾಲೆ ಬರದೈತಿ, ನೀವ ಕಳದ ನೋಡ್ಕೋರಿ.”

ಹತ್ತಿ ನಿಂತರು. ಅರವತ್ತು ಎಂದಿತು ಯಂತ್ರ.

ನಿಜಗುಣ ಒಂಬತ್ತು ಕಳೆದ. ಇನ್ನೊಮ್ಮೆ ಕಳೆದ. ಯಂತ್ರ ಕೆಟ್ಟಿದೆ ಎಂದುಕೊಂಡು ತಾನು ಹತ್ತಿದ. ಎಂಬತ್ತಾರು. ಯಂತ್ರ ಸರಿಯಾಗಿತ್ತು.

“ಅತ್ತಿ, ಒಂದೀಟ ಇನ್ನೊಮ್ಮೆ ನಿಂದರ್ರಿ. ಚೀಲ ಬ್ಯಾಡ.”

ಚೀಲ ಇಸಿದುಕೊಳ್ಳುವಾಗ ಸ್ವೆಟರಿನ ತೋಳು ಹಿಂದೆ ಸರಿದು, ಅತ್ತೆಯ ಹಸಿರು ಬಳೆಗಳು ಮೊಣಕೈವರೆಗೆ ಜಾರಿದ್ದು ಕಂಡಿತು. ಐವತ್ತೊಂದು.

“ಲೆಕ್ಕ ಕೂಡ್ತೇನ್ರಿ?” ಎಂದು ಕೇಳಿದರು ಅಕ್ಕಮ್ಮ, ಆಸೆಯಿಂದ.

ಕೂಡಿತ್ತು. ಐನೂರ ಮೂವತ್ತಾರು. ನಾಲ್ಕು ಕೆಜಿ ಉಳಿತಾಯ. ಹೊಸ ಗಾಡಿ ಬೇಕಿಲ್ಲ, ನಾಳೆಯೇ ಹೊರಡಬಹುದು. ಮೂರು ತಿಂಗಳು ಯಾವ ಕಾರ್ ಕಂಪನಿಯೂ ಕೊಡದ ಉತ್ತರ ಅದು. ನಿಜಗುಣ ರತ್ನಾಳನ್ನು ಕೂಗಿ, ಡಾಕ್ಟರ ನಂಬರು ಹುಡುಕು ಎಂದ.

೪-ಅ.

ಇಲ್ಲಿ ಅವನು ಕತೆಯೊಳಗಿಂದ ತಲೆ ಹೊರಹಾಕಿದ.

“ಸರ, ಒಂದ ಸಾಲು ತಗದಬಿಡ್ರಿ. ಜೂನ್‌ದಾಗಿಂದು.”

ಜೂನಿನಲ್ಲಿ ರತ್ನಾ, “ಅವ್ವ ಉಣ್ಣೂದ ಕಡಿಮಿ ಆಗೇತ್ರಿ,” ಎಂದಿದ್ದಳು. ಹಾಳೆಯಿಂದ ಕಣ್ಣು ತೆಗೆಯದೆ ಇವನು, “ಛಲೋ ಆತು ಬಿಡು,” ಎಂದಿದ್ದ. ಹಾಸ್ಯಕ್ಕೆಂದು ನಾನದನ್ನು ಎರಡನೆಯ ಕರಡಿನಲ್ಲಿ ಇಟ್ಟಿದ್ದೆ. ನಕ್ಕೂ ಇದ್ದೆ.

“ನೀನು ಅಂದದ್ದು ತಾನೇ?”

“ಚ್ಯಾಷ್ಟಿಗೆ ಅಂದೆ.”

“ನಾನೂ ತಮಾಷೆಗೇ ಬರೆದೆ. ಇರಲಿ, ಇಬ್ಬರಿಗೂ ಇರಲಿ.”

೫.

ಗುರುವಾರಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟು ಸಿಕ್ಕಿದೆ. ಅಂತ್ಯಗಳು ಹಲವಿವೆ, ಆರಿಸಿಕೊಳ್ಳಿ.

ಕ) ಥೈರಾಯ್ಡು. ಮಾತ್ರೆ. ಎಲ್ಲರೂ ಸುಪೀರಿಯರ್ ದಂಡೆಯಲ್ಲಿ ರೊಟ್ಟಿ ತಿನ್ನುತ್ತಾರೆ. (ದೀಪಾವಳಿ ವಿಶೇಷಾಂಕಕ್ಕೆ ಒಪ್ಪುತ್ತದೆ.)

ಖ) ನೀವು ಆಗಲೇ ಊಹಿಸಿರುವುದು. (ಬಹುಮಾನಕ್ಕೆ ಒಪ್ಪುತ್ತದೆ.)

ಗ) ವಿಕ್ರಮ್ ಟ್ರಕ್ಕು ಕೊಳ್ಳುತ್ತಾನೆ. (ಯಾರೂ ಒಪ್ಪುವುದಿಲ್ಲ.)

“ಏನಪಾ,” ಎಂದರು ಅಕ್ಕಮ್ಮ, ಟ್ರೇಲರಿನ ಕಿಟಕಿಯಿಂದ ನೇರ ನನ್ನತ್ತ ನೋಡುತ್ತಾ. “ನನ್ನ ಹೊಟ್ಟಿಯೊಳಗ ಏನೈತಿ ಅಂತ ನಿನಗ ಹೆಂಗ ಗೊತ್ತು?”

“ಗೊತ್ತಿಲ್ಲ ಅಮ್ಮ.”

“ಮತ್ತ ಸುಮ್ಮ ಕುಂದ್ರು.”

ಕೂತಿದ್ದೇನೆ. ಗುರುವಾರ ಆ ಕೋಣೆಯೊಳಕ್ಕೆ ನಾನು ಹೋಗುವುದಿಲ್ಲ, ನಿಮ್ಮನ್ನೂ ಕರೆದೊಯ್ಯುವುದಿಲ್ಲ. ತೂಕ ನೋಡಿದ ಆ ಶನಿವಾರ ಮಧ್ಯಾಹ್ನ ಆದದ್ದನ್ನಷ್ಟೇ ಹೇಳಬಲ್ಲೆ.

ನಿಜಗುಣ ಹಾಳೆಯಲ್ಲಿ “ಇತರೆ” ಅಳಿಸಿ “ಅಕ್ಕಮ್ಮ ಅತ್ತಿ” ಎಂದು ಬರೆದ. ಮುಂದೆ ೫೧ ಒತ್ತಿದ. ಕೊನೆಯ ಚೌಕ ಹಸಿರಾಯಿತು. ೫೧ ಅಳಿಸಿ ಮತ್ತೆ ೬೮ ಎಂದು ಬರೆದ. ಕೆಂಪಾಯಿತು. ಹಾಗೇ ಉಳಿಸಿ, ವಿಕ್ರಮನಿಗೆ ಫೋನು ಮಾಡಿದ.

“ಆ ಟ್ರಕ್ಕಿನ ವಿಚಾರ ಏನೋ ಅಂದಿದ್ದೆಲ್ಲ, ಹೇಳು.”

“ಯಾಕ ಮಾವಾ, ಲೆಕ್ಕ ಕೂಡಲಿಲ್ಲೇನು?”

“ಕೂಡ್ತು,” ಎಂದ ನಿಜಗುಣ. “ಅದಕ್ಕ ಬೇಕಾಗೇತಿ.”